ಮನವಿ ಪತ್ರದ ಆ ಒಂದು ಪದ: ಕಾಸರಗೋಡಿನ ಕನ್ನಡ ಗೆಳೆಯರಿಗೆ ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನೀವು ಕಳಿಸಿದ ಮನವಿ ಪತ್ರದ ಕರಡು ಕೈಸೇರಿ ಎಂಟು ದಿನವಾಯಿತು. "ಟೀಚರ್, ಕಾಗುಣಿತ ನೋಡಿ ಕೊಡಿ, ಭಾನುವಾರದ ಸಭೆಯಲ್ಲಿ ಓದಿ ಸಹಿ ಹಾಕಿಸಬೇಕು" ಎಂದಿದ್ದಿರಿ. ನೋಡಿದೆ. ತಪ್ಪು ಜಾಸ್ತಿ ಇಲ್ಲ. ಆದರೆ ಎರಡನೇ ಪುಟದ ಒಂದು ವಾಕ್ಯದ ಹತ್ತಿರ ನನ್ನ ಪೆನ್ನು ನಿಂತುಬಿಟ್ಟಿತು. "ಕಾಸರಗೋಡಿನ ಕನ್ನಡಿಗರ ಮೇಲೆ ನಡೆಯುತ್ತಿರುವುದು ಶುದ್ಧ ರೇಸಿಸಂ."

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಈ ಮಾತನ್ನು ನಾನು ನಿಮ್ಮ ಕರಡಿನಲ್ಲಿ ಮಾತ್ರ ನೋಡಿದ್ದಲ್ಲ. ಕುಂಬಳೆಯಲ್ಲಿ, ಬದಿಯಡ್ಕದಲ್ಲಿ, ಪೆರ್ಲದಲ್ಲಿ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಈಗ ಕೇಳಿಬರುತ್ತಿದೆ. ಅದಕ್ಕೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ನಾನೂ ನಿಮ್ಮವಳೇ.

ಮೊದಲು ನಮ್ಮ ನೋವಿನ ಮಾತು. ಅದು ಸುಳ್ಳಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ನಾವು ದಕ್ಷಿಣ ಕನ್ನಡದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಆ ವರದಿ ಹಾಗೇ ಉಳಿಯಿತು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, 2015ರಲ್ಲಿ ಹೋದರು. ಕರ್ನಾಟಕಕ್ಕೆ ಸೇರುವ ಆಸೆ ಅವರ ಜೊತೆಗೇ ಇತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ನಾವು ಸರ್ಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು ಎಂದಿದೆ. ಕಾಯಿದೆ ಇದೆ, ಕೌಂಟರಿನಲ್ಲಿ ಕನ್ನಡದ ಅರ್ಜಿ ಇಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರನ್ನು ಕಳಿಸಿದಾಗ ಮಕ್ಕಳು ಮತ್ತು ಹೆತ್ತವರು ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ.

ನನಗೇ ಆದದ್ದು ಹೇಳುತ್ತೇನೆ. ನಿವೃತ್ತಿಯಾದ ಮೇಲೆ ಒಂದು ಕಾಗದದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಮಾತಾಡಲು ನನಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ, ಕಾನೂನಿನ ಮಲಯಾಳ ಓದಲು ಬರುವುದಿಲ್ಲ. ಮೇಜಿನ ಆಚೆ ಇದ್ದ ಹುಡುಗ ಮೊಮ್ಮಗನ ವಯಸ್ಸಿನವನು, ಒಳ್ಳೆಯವನೇ. "ಇಷ್ಟು ವರ್ಷ ಇಲ್ಲೇ ಇದ್ದೂ ಬರಲ್ವಾ ಟೀಚರ್?" ಎಂದು ಕೇಳಿ, ಎದ್ದು ಬಂದು, ತಾನೇ ತುಂಬಿಸಿಕೊಟ್ಟ. ಅವನಿಗೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆದರೂ ನಾನು ಹುಟ್ಟಿದ ಊರಲ್ಲಿ, ನನ್ನ ಕಾಗದಕ್ಕೆ, ಏನು ಬರೆದಿದೆ ಎಂದು ಗೊತ್ತಿಲ್ಲದೆ ಸಹಿ ಹಾಕಿದೆ. ಮೂವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದ ಕೈ ಅದು. ಮನೆಗೆ ಬಂದು ಊಟ ಸೇರಲಿಲ್ಲ.

ಈ ಘಟನೆಯಲ್ಲೇ ನಿಮ್ಮ ಪದದ ಅರ್ಧ ಅರ್ಥ ಇದೆ.

ಪೂರ್ವಗ್ರಹ ಎಂಬ ನಮ್ಮ ಪದ ಒಳ್ಳೆಯ ಪದ. ಮೊದಲೇ ಹಿಡಿದುಕೊಂಡದ್ದು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಬಗ್ಗೆ ನಾವು ತೀರ್ಮಾನ ಮಾಡಿ ಆಗಿರುತ್ತದೆ. ಇದು ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಮಲಯಾಳಿಗಳ ಬಗ್ಗೆ ನಮಗೆ, ನಮ್ಮ ಬಗ್ಗೆ ಅವರಿಗೆ, ಗಟ್ಟದವರ ಬಗ್ಗೆ ಕರಾವಳಿಯವರಿಗೆ. ಇದರಿಂದ ಮನಸ್ಸು ನೋಯುತ್ತದೆ, ಜಗಳವಾಗುತ್ತದೆ. ಆದರೆ ಬರೀ ಪೂರ್ವಗ್ರಹಕ್ಕೆ ಒಬ್ಬರ ರೇಷನ್ ಕಾರ್ಡು ತಡೆಯುವ ಶಕ್ತಿ ಇಲ್ಲ. ಮನೆ ಬಾಡಿಗೆ ಇಲ್ಲ ಎನ್ನಲು ಮನೆ ಇರಬೇಕು. ಕೂಲಿ ಕಡಿಮೆ ಕೊಡಲು ತೋಟ ಇರಬೇಕು. ಹಾಜರಿ ಪುಸ್ತಕದಿಂದ ಹೆಸರು ತೆಗೆಯಲು ಆ ಪುಸ್ತಕ ನಮ್ಮ ಕೈಯಲ್ಲಿರಬೇಕು. ಅಧಿಕಾರ ಅಂದರೆ ಇದು. ಸರ್ಕಾರದ ಮೊಹರು ಮಾತ್ರ ಅಧಿಕಾರ ಅಲ್ಲ.

ಅಮೆರಿಕದ ಕಪ್ಪು ಜನರು ಇದನ್ನು ತಮ್ಮ ಬದುಕಿನಿಂದ ಕಂಡುಕೊಂಡರು. 1963ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಕಪ್ಪು ಜನರ ಇಗರ್ಜಿಗೆ ಬಾಂಬು ಇಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಜಗತ್ತೇ ಮರುಗಿತು. ಆಮೇಲೆ 1967ರಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಮತ್ತು ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಇಬ್ಬರು ಕಪ್ಪು ಚಿಂತಕರು ಒಂದು ಪ್ರಶ್ನೆ ಮುಂದಿಟ್ಟರು. ಅದೇ ಊರಲ್ಲಿ ವರ್ಷಕ್ಕೆ ನೂರಾರು ಕಪ್ಪು ಕೂಸುಗಳು ಸರಿಯಾದ ಊಟ, ಮನೆ, ಔಷಧಿ ಇಲ್ಲದೆ ಸಾಯುತ್ತವೆ, ಅದಕ್ಕೆ ಯಾರು ಬಾಂಬು ಇಟ್ಟರು? ಬಾಂಬು ಇಟ್ಟವನನ್ನು ಹಿಡಿಯಬಹುದು. ಎರಡನೆಯದರಲ್ಲಿ ಹಿಡಿಯಲು ಒಬ್ಬ ಮನುಷ್ಯ ಸಿಗುವುದಿಲ್ಲ. ಸಾಲ ಕೊಡದ ಬ್ಯಾಂಕು, ದೂರದಲ್ಲಿ ಕಟ್ಟಿದ ಆಸ್ಪತ್ರೆ, ಹಣ ಇಲ್ಲದ ಶಾಲೆ, ಎಲ್ಲ ಸೇರಿ ಕೊಲ್ಲುತ್ತವೆ. ಅದನ್ನು ಅವರು ಸಂಸ್ಥೆಗಳ ರೇಸಿಸಂ ಎಂದು ಕರೆದರು. 1970ರಲ್ಲಿ ಪೆಟ್ರೀಷಿಯಾ ಬಿಡಾಲ್ ಎಂಬ ಶಿಕ್ಷಣ ತಜ್ಞೆ ಅದನ್ನು ಒಂದು ಲೆಕ್ಕದ ಹಾಗೆ ಬರೆದರು: ಪೂರ್ವಗ್ರಹದ ಜೊತೆ ಸಂಸ್ಥೆಗಳ ಅಧಿಕಾರ ಕೂಡಿದರೆ ರೇಸಿಸಂ. ಇಂಗ್ಲೆಂಡಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು 1993ರಲ್ಲಿ ಬಸ್ ನಿಲ್ದಾಣದ ಹತ್ತಿರ ಇರಿದು ಕೊಂದರು. ಪೊಲೀಸರ ತನಿಖೆ ಹಾಳಾಗಿ ಹೋಯಿತು. 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ಇಲಾಖೆಗೆ ಅದೇ ಪದವನ್ನು ಬಳಸಿತು. ಗೊತ್ತಿಲ್ಲದೇ ಇರುವ ಪೂರ್ವಗ್ರಹ, ಅಜ್ಞಾನ, ಯೋಚನೆ ಇಲ್ಲದ ನಡತೆ ಇವೂ ಸಾಕು, ದ್ವೇಷವೇ ಬೇಕೆಂದಿಲ್ಲ ಎಂದಿತು.

ಹಾಗಾದರೆ ಅರ್ಜಿ ತುಂಬಿಸಿಕೊಟ್ಟ ಹುಡುಗನ ಕಚೇರಿಯೂ ಅದೇ ಅಲ್ವಾ ಎಂದು ನೀವು ಕೇಳಬಹುದು. ರೀತಿ ಅದೇ, ಒಪ್ಪುತ್ತೇನೆ. ದ್ವೇಷ ಇಲ್ಲದೆ ಅನ್ಯಾಯ ನಡೆಯುವ ರೀತಿ. ಆದರೆ ಹೆಸರು ಬೇರೆ. ವಿಶ್ವಸಂಸ್ಥೆ 1965ರ ಡಿಸೆಂಬರ್ 21ರಂದು ಒಪ್ಪಿದ ಒಡಂಬಡಿಕೆಯಲ್ಲಿ ಜನಾಂಗೀಯ ತಾರತಮ್ಯ ಎಂದರೇನು ಎಂದು ಹೇಳಿದೆ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಸಮುದಾಯದ (ಎಥ್ನಿಕ್) ಮೂಲ, ಇವುಗಳ ಮೇಲೆ ಯಾರನ್ನಾದರೂ ಬೇರೆ ಮಾಡುವುದು, ಹೊರಗಿಡುವುದು, ಅವರ ಹಕ್ಕು ಕಡಿಮೆ ಮಾಡುವುದು. ಅದು ಉದ್ದೇಶವೇ ಆಗಿರಬೇಕೆಂದಿಲ್ಲ, ಪರಿಣಾಮ ಹಾಗಾದರೂ ಸಾಕು. ಆ ಪಟ್ಟಿಯಲ್ಲಿ ಭಾಷೆ ಇಲ್ಲ. ಭಾಷೆಗೆ ನಮ್ಮ ಸಂವಿಧಾನದಲ್ಲೇ ಬೇರೆ ಜಾಗ ಇದೆ. ನಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕಿಗೆ 29ನೇ ವಿಧಿ ಇದೆ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆಂದು 350ಎ ಇದೆ. ನಮ್ಮ ಮೇಲೆ ನಡೆಯುವುದು ಭಾಷಾ ತಾರತಮ್ಯ. ಆ ಹೆಸರಿನಲ್ಲೇ ಕೇಳಿದರೆ ನಮ್ಮ ಕೈಯಲ್ಲಿ ಕಾಯಿದೆ ಇದೆ. ಬೇರೆಯವರ ಗಾಯದ ಹೆಸರು ಎರವಲು ತಂದರೆ ಅಧಿಕಾರಿ ಆ ಒಂದು ಪದವನ್ನೇ ಹಿಡಿದು ನಮ್ಮ ಹನ್ನೆರಡು ಬೇಡಿಕೆಗಳನ್ನೂ ಪಕ್ಕಕ್ಕಿಡುತ್ತಾನೆ.

ಇದು ಕಾನೂನಿನ ಕಾರಣ. ನನ್ನ ನಿಜವಾದ ಕಾರಣ ಬೇರೆ.

ಆ ಪಟ್ಟಿಯಲ್ಲಿ 'ವಂಶ' ಎಂಬ ಪದ ಇದೆ ನೋಡಿ. ಅದನ್ನು ಸೇರಿಸಿ ಎಂದು ಸಲಹೆ ಕೊಟ್ಟದ್ದು ಭಾರತ. 1968ರಲ್ಲಿ ನಾವು ಆ ಒಡಂಬಡಿಕೆಯನ್ನು ಅಂಗೀಕರಿಸಿದೆವು. 2002ರಲ್ಲಿ ಅದರ ಸಮಿತಿ, ಹುಟ್ಟಿನಿಂದ ಬರುವ ಜಾತಿಯೂ ಈ ಪದದ ಒಳಗೆ ಬರುತ್ತದೆ ಎಂದಾಗ ನಮ್ಮ ಸರ್ಕಾರ ಒಪ್ಪಲಿಲ್ಲ. ಅದಕ್ಕೆ ಮೊದಲು 2001ರಲ್ಲಿ ಡರ್ಬನ್‌ನಲ್ಲಿ ರೇಸಿಸಂ ವಿರುದ್ಧ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲೂ ಜಾತಿಯನ್ನು ಅಲ್ಲಿ ತರಬೇಡಿ ಎಂದೇ ವಾದಿಸಿತು. ಜಾತಿ ಮತ್ತು ಜನಾಂಗ ಒಂದೇ ಅಲ್ಲ ಎಂಬ ವಾದಕ್ಕೆ ಕಾರಣಗಳಿವೆ, ಅದು ನನಗೆ ಗೊತ್ತಿದೆ. ಬಣ್ಣ ನೋಡಿ ಜಾತಿ ಹೇಳಲಾಗುವುದಿಲ್ಲ. ಆದರೆ ನಮ್ಮ ಭಾಷೆ ಮಾತ್ರ ಎರಡನ್ನೂ ಒಂದೇ ಪದದಲ್ಲಿ ಇಟ್ಟಿದೆ. ವರ್ಣ ಎಂದರೆ ಬಣ್ಣ, ವರ್ಣ ಎಂದರೆ ಜಾತಿಯ ಮೆಟ್ಟಿಲು. ದಕ್ಷಿಣ ಆಫ್ರಿಕಾದ ಪಾಠ ಮಾಡುವಾಗ 'ವರ್ಣಭೇದ ನೀತಿ' ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಪದ ನಮ್ಮ ಅಂಗಳದ ಕಡೆಗೂ ಬೆರಳು ತೋರಿಸುತ್ತಿತ್ತು ಎಂದು ಆಗ ಹೊಳೆಯಲಿಲ್ಲ.

ನಮ್ಮ ಅಂಗಳದ ಮಾತು ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಮಳೆಗಾಲ ಮುಗಿಯುತ್ತಿದ್ದಂತೆ ಕೊರಗ ಎಂಬ ಬುಡಕಟ್ಟಿನ ಒಬ್ಬ ಹೆಂಗಸು ಬುಟ್ಟಿ, ತಡ್ಪೆ (ಮೊರ) ತರುತ್ತಿದ್ದಳು. ಅಡಿಕೆ ಹೆಕ್ಕಲು ಬುಟ್ಟಿ ಬೇಕೇ ಬೇಕು. ಅವಳು ಅಂಗಳದ ಆಚೆ, ಗೊಬ್ಬರದ ಗುಂಡಿಯ ಹತ್ತಿರ ನಿಂತು ಕೂಗಬೇಕು. ಬುಟ್ಟಿಯನ್ನು ನೆಲದ ಮೇಲೆ ಇಟ್ಟು ದೂರ ಸರಿಯಬೇಕು. ಅಮ್ಮ ನೀರು ಚಿಮುಕಿಸಿ ಒಳಗೆ ತರುತ್ತಿದ್ದರು. ಅವಳಿಗೆ ಚಹಾ ತೆಂಗಿನ ಗೆರಟೆಯಲ್ಲಿ. ನಮ್ಮಮ್ಮ ಕೆಟ್ಟವರಲ್ಲ. ಹಬ್ಬಕ್ಕೆ ಅಕ್ಕಿ ಎರಡು ಸೇರು ಹೆಚ್ಚೇ ಕೊಡುತ್ತಿದ್ದರು. ಆದರೆ ಆ ಬುಟ್ಟಿಗೆ ಬೆಲೆ ಎಷ್ಟು ಎಂದು ಅವಳು ಹೇಳಿದ್ದನ್ನು ನಾನು ಒಂದು ಸಲವೂ ಕೇಳಲಿಲ್ಲ. ಬೆಲೆ ನಾವೇ ಹೇಳುತ್ತಿದ್ದೆವು.

ಕೇರಳ ಸರ್ಕಾರದ ಲೆಕ್ಕದಲ್ಲಿ ಅತಿ ದುರ್ಬಲ ಬುಡಕಟ್ಟುಗಳು ಐದು, ಅವುಗಳಲ್ಲಿ ಕೊರಗರದ್ದೂ ಒಂದು. ಕೇರಳದಲ್ಲಿ ಅವರಿರುವುದು ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸುತ್ತಮುತ್ತಲೇ. ಗಡಿಯ ಆಚೆ ಕರ್ನಾಟಕದಲ್ಲಿ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು. ಏನು ನಿಲ್ಲಿಸಬೇಕೆಂದು ಆ ಕಾಯಿದೆ ಹೇಳುತ್ತದೆ, ಓದಿದರೆ ಕೈ ನಡುಗುತ್ತದೆ. ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಕೂಲಿ ಕೊಡದೆ ಕೆಲಸ ಮಾಡಿಸುವುದು. ಇದು ಯಾವ ದೇಶದ ಕಥೆಯೂ ಅಲ್ಲ, ತುಳುನಾಡಿನದ್ದು. ಈ ಗಡಿಗೆರೆ ಬಂದದ್ದು 1956ರಲ್ಲಿ. ಅಜಲು ಅದಕ್ಕಿಂತ ಎಷ್ಟೋ ಹಳೆಯದು.

ಮತ್ತೆ ನಾವು ಅವರ ಹೆಸರಿನ ದೈವಕ್ಕೆ ಕೈ ಮುಗಿಯುತ್ತೇವೆ. ಏನಾದರೂ ಕಳೆದುಹೋದರೆ ಸಾಕು, ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹರಕೆ ಹೇಳಿಕೊಳ್ಳುತ್ತೇವೆ. ನನಗೂ ಆ ನಂಬಿಕೆ ಇದೆ. ಆದರೆ ಅಜ್ಜನ ಕಟ್ಟೆಯ ಮುಂದೆ ತಲೆ ಬಾಗಿಸಿದವರು ಅಜ್ಜನ ಮೊಮ್ಮಕ್ಕಳ ಪಕ್ಕ ಊಟಕ್ಕೆ ಕೂರುವುದನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ವಿಷಯ. ನಮ್ಮಲ್ಲಿ ಹಬ್ಬದ ದಿನ ಮೈಗೆಲ್ಲ ಕಪ್ಪು ಬಳಿದುಕೊಂಡು ಕೊರಗ ವೇಷ ಹಾಕಿ ಕುಣಿಯುವ ರೂಢಿ ಇತ್ತಲ್ಲ, ನೆನಪಿದೆಯಾ? ಕೊರಗ ಸಮುದಾಯದವರು ಅದು ಅವಮಾನ ಎಂದು ಹೇಳಿ ಹೇಳಿ ದಣಿದರು. ಅಮೆರಿಕದಲ್ಲೂ 1830ರ ಸುಮಾರಿಗೆ ಒಬ್ಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿದು ಜನರನ್ನು ನಗಿಸುತ್ತಿದ್ದ. ಆ ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ, ಬೇರೆ ನೀರಿನ ನಲ್ಲಿ ಮಾಡಿದ ಕಾನೂನುಗಳಿಗೆ ಜನರು ಇಟ್ಟ ಹೆಸರೂ ಅದೇ, ಜಿಮ್ ಕ್ರೋ. ನಗಿಸುವ ವೇಷದಲ್ಲಿದ್ದ ಹೆಸರು ಕಾನೂನಿನ ಹೆಸರಾಗಲು ನೂರು ವರ್ಷವೂ ಬೇಕಾಗಲಿಲ್ಲ. ಇದನ್ನು ಓದಿದ ದಿನ ನಾನು ಚಿಕ್ಕಂದಿನಲ್ಲಿ ಆ ವೇಷ ನೋಡಿ ಚಪ್ಪಾಳೆ ತಟ್ಟಿದ್ದು ನೆನಪಾಗಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಚಪ್ಪಾಳೆ ಮಗುವಿನದ್ದು. ದೊಡ್ಡವಳಾದ ಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ, ನಿಮಗೆ ಗೊತ್ತು. ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಗುತ್ತದೆ, ಒಂದು ಹುದ್ದೆ ಹೋಗುತ್ತದೆ. ಕನ್ನಡ ಮಾಧ್ಯಮ ಉಳಿಸಬೇಕೆಂದು ನಾವು ಮನೆ ಮನೆಗೆ ಹೋಗುತ್ತಿದ್ದೆವು. ಕೊರಗರ ಮನೆಗಳಿಗೆ ಮೊದಲು. ಕೈ ಹಿಡಿದು ಕರೆತರುತ್ತಿದ್ದೆವು. ಏಳನೇ ದಿನದಿಂದ ಅವರನ್ನು ಕೇಳುವವರಿಲ್ಲ. ಹಿಂದಿನ ಬೆಂಚು. ಮಗು ನಾಲ್ಕು ದಿನ ಬಾರದಿದ್ದರೆ "ಅವರು ಹಾಗೇ, ಕಾಡಿಗೆ ಹೋಗಿರುತ್ತಾರೆ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರಲ್ಲ ಒಬ್ಬರು ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ. ಬೇರೆ ಮಗು ಬಾರದಿದ್ದರೆ ಮನೆಗೆ ಫೋನು ಹೋಗುತ್ತಿತ್ತು. ಒಂದು ಹುಡುಗಿ, ಐದನೇ ಕ್ಲಾಸು, ಲೆಕ್ಕದಲ್ಲಿ ಚುರುಕು. ಮಳೆಗಾಲದಲ್ಲಿ ಬರುವುದು ನಿಂತಿತು. ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾ ಹೋದೆ. ದೀಪಾವಳಿ ಕಳೆದ ಮೇಲೆ ಗೊತ್ತಾಯಿತು. ದಾರಿಯ ತೋಡಿಗೆ ಹಾಕಿದ್ದ ಅಡಿಕೆ ಮರದ ಪಾಲ, ಅಂದರೆ ಕಾಲುಸಂಕ, ಕೊಚ್ಚಿಹೋಗಿತ್ತು. ಮಗು ಬರಲು ದಾರಿಯೇ ಇರಲಿಲ್ಲ. ಪಾಲ ಯಾರೂ ಹಾಕಿಸಲಿಲ್ಲ, ಯಾಕೆಂದರೆ ಆ ಕಡೆ ಇದ್ದದ್ದು ಅವರ ಐದು ಮನೆ ಮಾತ್ರ.

ಈಗ ಹೇಳಿ. ನನ್ನ ಮನಸ್ಸಿನಲ್ಲಿ ಆ ಹುಡುಗಿಯ ಮೇಲೆ ದ್ವೇಷ ಇರಲಿಲ್ಲ. ಅರ್ಜಿ ತುಂಬಿಸಿದ ಹುಡುಗನಿಗೆ ನನ್ನ ಮೇಲೆ ಇರಲಿಲ್ಲವಲ್ಲ, ಹಾಗೆಯೇ. ಆದರೆ "ಅವರು ಹಾಗೇ" ಎಂಬ ಒಂದು ಮಾತು ನನ್ನ ತಲೆಯಲ್ಲಿತ್ತು, ಕೆಂಪು ಶಾಯಿಯ ಪೆನ್ನು ನನ್ನ ಕೈಯಲ್ಲಿತ್ತು. ಅವಳು ಏಳನೇ ಕ್ಲಾಸು ಮುಗಿಸಲಿಲ್ಲ. ನಿಮ್ಮ ಕರಡಿನಲ್ಲಿರುವ ಆ ಪದಕ್ಕೆ ಹತ್ತಿರ ಬರುವ ಘಟನೆ ನನ್ನ ಬದುಕಿನಲ್ಲಿ ಹುಡುಕಿದರೆ ಸಿಗುವುದು ಇದು. ಇಲ್ಲಿ ನಾನು ಅನ್ಯಾಯ ಅನುಭವಿಸಿದವಳಲ್ಲ.

ಒಂದೇ ಮನುಷ್ಯ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಇರಬಹುದು ಎಂಬುದು ನಮಗೆ ಬೇಗ ಕಾಣುವುದಿಲ್ಲ. ಇದಕ್ಕೆ ಒಂದು ಹಳೆಯ ಮೊಕದ್ದಮೆಯ ಕಥೆ ಹೇಳಲೇಬೇಕು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಅಮೆರಿಕಕ್ಕೆ ಹೋದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಅಲ್ಲಿ ವಲಸೆ ಹೋದವರು ಪೌರತ್ವ ಪಡೆಯಲು ಬಿಳಿಯರಾಗಿರಬೇಕು ಅಥವಾ ಆಫ್ರಿಕಾ ಮೂಲದವರಾಗಿರಬೇಕಿತ್ತು. ಒಝಾವಾ ಎಂಬ ಜಪಾನಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿ, ನನ್ನ ಚರ್ಮ ಬಿಳಿ, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ ಎಂದು ಕೇಳಿದರು. ಚರ್ಮದ ಬಣ್ಣ ಸಾಲದು, ಬಿಳಿಯ ಎಂದರೆ ಕಕೇಶಿಯನ್ ಜನಾಂಗದವನು ಎಂದು 1922ರ ನವೆಂಬರ್‌ನಲ್ಲಿ ಕೋರ್ಟು ಕಳಿಸಿಬಿಟ್ಟಿತು. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ ಥಿಂಡ್ ಅವರ ಸರದಿ. ಆ ಕಾಲದ ವಿಜ್ಞಾನಿಗಳ ಪ್ರಕಾರ ನಾನು ಕಕೇಶಿಯನ್ನೇ ಎಂದರು ಅವರು. ಈಗ ಅದೇ ಕೋರ್ಟು ಮಾತು ತಿರುಗಿಸಿತು. ವಿಜ್ಞಾನಿ ಹೇಳಿದ್ದು ಲೆಕ್ಕಕ್ಕಿಲ್ಲ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ ಎಂದಿತು. ಕೊಟ್ಟಿದ್ದ ಪೌರತ್ವವನ್ನೂ ಹಲವು ಭಾರತೀಯರಿಂದ ಆಮೇಲೆ ಕಿತ್ತುಕೊಂಡರು. ಜನಾಂಗ ಎಂಬುದರ ಅರ್ಥವನ್ನು ತೀರ್ಮಾನಿಸುವುದು ರಕ್ತವೂ ಅಲ್ಲ, ಬಣ್ಣವೂ ಅಲ್ಲ. ತೀರ್ಪು ಬರೆಯುವ ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಈ ಕಥೆಯಲ್ಲಿ ನನ್ನನ್ನು ಚುಚ್ಚಿದ್ದು ಇನ್ನೊಂದು ಮಾತು. ಥಿಂಡ್ ಅವರ ಪರವಾಗಿ ಕೋರ್ಟಿಗೆ ಕೊಟ್ಟ ವಾದದಲ್ಲಿ, ಅವರು ಮೇಲ್ಜಾತಿಯವರು, ಅಮೆರಿಕದವರು ಕಪ್ಪು ಜನರನ್ನು ಮದುವೆಯ ವಿಷಯದಲ್ಲಿ ಹೇಗೆ ನೋಡುತ್ತಾರೋ ಹಾಗೆಯೇ ಭಾರತದ ಮೇಲ್ಜಾತಿಯವರು ಅಲ್ಲಿನ ಆದಿವಾಸಿಗಳನ್ನು ನೋಡುತ್ತಾರೆ ಎಂದಿತ್ತು. ನ್ಯಾಯ ಕೇಳಲು ಹೋದವರು, ನಮ್ಮ ಕಾಲಿನ ಕೆಳಗೂ ಜನ ಇದ್ದಾರೆ, ಅದಕ್ಕೆ ನಮ್ಮನ್ನು ನಿಮ್ಮ ಪಕ್ಕ ಕೂರಿಸಿ ಎಂದರು. ಆದರೂ ಗೆಲ್ಲಲಿಲ್ಲ. ನಮ್ಮ ಮನವಿ ಪತ್ರ ಆ ದಾರಿ ಹಿಡಿಯಬಾರದು ಎಂಬುದೇ ನನ್ನ ಬೇಡಿಕೆ.

ಗಲ್ಫಿನ ವಿಷಯ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಸ್‌ಪೋರ್ಟು ನೋಡಿ ಸಂಬಳ ಹೇಳುವುದನ್ನು ನಮ್ಮ ಮಕ್ಕಳು ಬಂದು ಹೇಳಿದ್ದಾರೆ. 2019ರ ಕೊನೆಯಲ್ಲಿ ಕತಾರ್‌ಗೆ ಹೋಗಿ ಬಂದ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ, ಅಲ್ಲಿ ಯಾವ ದೇಶದವರು ಎಂಬುದರ ಮೇಲೆ ಒಂದು ಜಾತಿ ಪದ್ಧತಿಯೇ ನಡೆಯುತ್ತಿದೆ ಎಂಬ ಅರ್ಥದಲ್ಲಿ ಬರೆದರು. ಜನಾಂಗದ ಅನ್ಯಾಯವನ್ನು ವಿವರಿಸಲು ಅವರಿಗೆ ಸಿಕ್ಕಿದ್ದು ನಮ್ಮ 'ಜಾತಿ' ಎಂಬ ಪದ. ಅಲ್ಲಿಂದ ರಜೆಗೆ ಬಂದ ಹುಡುಗ ಇಲ್ಲಿ ಮನೆ ಕಟ್ಟಿಸುವಾಗ, ಕಲ್ಲು ಹೊರುವ ಅಸ್ಸಾಮಿನ ಹುಡುಗನ ಹೆಸರು ಕೇಳುವುದಿಲ್ಲ. ಎಲ್ಲರೂ 'ಬಂಗಾಳಿ'. ಎದುರಿಗೆ ಸಿಕ್ಕರೆ 'ಭಾಯಿ'. ಸರ್ಕಾರ ಅವರನ್ನು ಅತಿಥಿ ಕಾರ್ಮಿಕರು ಎನ್ನುತ್ತದೆ. ಒಳ್ಳೆಯ ಹೆಸರು. ನಮ್ಮ ಅಡಿಕೆ ತೋಟಗಳು ಇವತ್ತು ಅವರಿಂದ ನಡೆಯುತ್ತಿವೆ. ಪೇಟೆಯಲ್ಲಿ ಒಂದು ಸೈಕಲ್ ಕಳೆದುಹೋದರೆ ಎಲ್ಲರೂ ಮೊದಲು ನೋಡುವುದು ಅವರ ಕೋಣೆಯ ಕಡೆಗೆ. ಅಟ್ಟಪ್ಪಾಡಿಯ ಮಧು ಎಂಬ ಆದಿವಾಸಿಯನ್ನು ಊಟದ ಸಾಮಾನು ಕದ್ದ ಎಂದು 2018ರ ಫೆಬ್ರವರಿಯಲ್ಲಿ ಹೊಡೆದು ಕೊಂದರಲ್ಲ. 2023ರಲ್ಲಿ ಕೋರ್ಟು 14 ಜನ ತಪ್ಪಿತಸ್ಥರು ಎಂದಿತು. ಹೊಡೆದವರು ಯಾವ ಅಧಿಕಾರಿಗಳೂ ಅಲ್ಲ. ಊರಿನವರು. ಆ ಹೊತ್ತಿನಲ್ಲಿ ಅವರ ಕೈಯಲ್ಲಿದ್ದದ್ದು ಗುಂಪಿನ ಬಲ, ಮತ್ತು ಇವನನ್ನು ಕೇಳುವವರು ಯಾರೂ ಇಲ್ಲ ಎಂಬ ಧೈರ್ಯ.

ನಿಮ್ಮಲ್ಲಿ ಓದಿದವರು ಒಂದು ಪ್ರಶ್ನೆ ಕೇಳುತ್ತೀರಿ. ಅಧಿಕಾರ ಇದ್ದವರಿಗೆ ಮಾತ್ರ ಈ ಪದ ಎಂದರೆ, ಇಲ್ಲದವರು ಮಾಡುವ ದ್ವೇಷಕ್ಕೆ ಮಾಫಿ ಇದೆಯಾ? ಈ ವಿಷಯದಲ್ಲಿ ವಿದ್ವಾಂಸರಲ್ಲೇ ಜಗಳ ಇದೆ. ನನ್ನ ಉತ್ತರ ಸರಳ. ಮಾಫಿ ಇಲ್ಲ. ದ್ವೇಷದ ಮಾತು ಯಾರು ಆಡಿದರೂ ತಪ್ಪು. ಆದರೆ ಎಲ್ಲ ತಪ್ಪಿನ ಪರಿಣಾಮ ಒಂದೇ ಅಲ್ಲ. ಆ ಕೊರಗ ಹೆಂಗಸು ನಮ್ಮ ಮನೆಯವರನ್ನು ಮನಸ್ಸಿನಲ್ಲಿ ಎಷ್ಟು ಶಪಿಸಿದ್ದಾಳೋ, ಅದರಿಂದ ನನ್ನ ಓದು ನಿಲ್ಲಲಿಲ್ಲ. ನಾನು ಯೋಚನೆ ಇಲ್ಲದೆ ಬರೆದ ಕೆಂಪು ಗೆರೆಯಿಂದ ಒಂದು ಮಗುವಿನ ಓದು ನಿಂತಿತು. ಈ ಎರಡಕ್ಕೂ ಒಂದೇ ಹೆಸರು ಇಟ್ಟರೆ ಲಾಭ ಆಗುವುದು ನನಗೆ.

ಇನ್ನು ಕೆಲವರು ಈ ಲೆಕ್ಕವನ್ನು ದೇಶದ ಮಟ್ಟದಲ್ಲಿ ಮಾಡಿ ನಿಲ್ಲಿಸುತ್ತಾರೆ. ಬಿಳಿಯರಿಗೆ ಅಧಿಕಾರ, ಕಪ್ಪು ಜನರಿಗೆ ಇಲ್ಲ, ಮುಗಿಯಿತು. ಅದು ಅಲ್ಲಿಗೆ ಸರಿ ಇರಬಹುದು. ನಮ್ಮ ಊರಲ್ಲಿ ಅಧಿಕಾರ ಗೇಟು ಗೇಟಿಗೆ ಬದಲಾಗುತ್ತದೆ. 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೊರೊನಾ ಬಂತೆಂದು ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲೇ ವಾಪಸು ಬಂದರು, ಜೀವಗಳು ಹೋದವು. ವಿಷಯ ಕೋರ್ಟಿಗೆ ಹೋಗಬೇಕಾಯಿತು. ಆ ಮಣ್ಣಿನ ರಾಶಿಯ ಆಚೆ ಇದ್ದವರು ನಮ್ಮ ಹಾಗೆ ಕನ್ನಡ, ತುಳು ಆಡುವವರೇ. ಒಂದೇ ವಾರದಲ್ಲಿ 'ಕಾಸರಗೋಡಿನವರು' ಎಂದರೆ ರೋಗ ತರುವವರು ಎಂದಾಯಿತು. ಭಾಷೆ ಒಂದಾದರೂ ಜೆಸಿಬಿ ಯಾರ ಕೈಯಲ್ಲಿತ್ತೋ ಅವರ ಮಾತು ನಡೆಯಿತು. ಅವತ್ತು ಇಡೀ ಜಿಲ್ಲೆಗೆ ಒಂದು ಹೆಸರು ಅಂಟಿಸಿದಾಗ ನಮಗೆ ಹೇಗಾಯಿತು? ಕೊರಗರಿಗೆ ದಿನಾ ಹಾಗೇ.

ಹಾಗಾಗಿ ಕರಡಿನಲ್ಲಿ ನಾನು ಮಾಡಿದ ಬದಲಾವಣೆ ಇಷ್ಟು. ಎರಡನೇ ಪುಟದ ಆ ವಾಕ್ಯ ತೆಗೆದಿದ್ದೇನೆ. ಅದರ ಜಾಗದಲ್ಲಿ "1969ರ ಕಾಯಿದೆ ಮತ್ತು ಸಂವಿಧಾನದ 350ಎ ವಿಧಿಯ ಪ್ರಕಾರ ನಮಗೆ ಸಿಗಬೇಕಾದದ್ದು ಸಿಗುತ್ತಿಲ್ಲ, ಇದು ಭಾಷಾ ತಾರತಮ್ಯ" ಎಂದು ಬರೆದಿದ್ದೇನೆ. ಅರ್ಜಿಗಳು, ನೇಮಕಾತಿ, ಪಠ್ಯಪುಸ್ತಕ, ಆ ಬೇಡಿಕೆಗಳೆಲ್ಲ ನೀವು ಬರೆದ ಹಾಗೇ ಇವೆ. ಒಂದಕ್ಷರ ಮುಟ್ಟಿಲ್ಲ.

ಕೊನೆಯಲ್ಲಿ ಹದಿಮೂರನೇ ಬೇಡಿಕೆಗೆ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನಾನು ಬರೆಯಲಿಲ್ಲ, ನೀವೂ ಬರೆಯಬೇಡಿ. ಕನ್ನಡ ಶಾಲೆಯ ಮಕ್ಕಳ ಲೆಕ್ಕ ಕೊಡುವಾಗ ಕೊರಗ ಮಕ್ಕಳನ್ನು ಸೇರಿಸುತ್ತೇವೆ. ನಮ್ಮ ಸಮಿತಿಯ ಇಪ್ಪತ್ತೊಂದು ಜನರಲ್ಲಿ ಅವರ ಕಡೆಯವರು ಒಬ್ಬರೂ ಇಲ್ಲ. 2024ರ ಜೂನ್‌ನಲ್ಲಿ ಸರ್ಕಾರ 'ಕಾಲನಿ' ಎಂಬ ಪದ ಬೇಡ, ಬೇರೆ ಹೆಸರಿಡಿ ಎಂದು ಆದೇಶ ಮಾಡಿತು, ಒಳ್ಳೆಯದಾಯಿತು. ನಾವು ಇನ್ನೂ ಕಾಲನಿ ಎಂದೇ ಹೇಳುತ್ತೇವೆ. ಕರಡಿನ ನಾಲ್ಕನೇ ಪುಟದಲ್ಲೂ ಇದೆ, ತಿದ್ದಿದ್ದೇನೆ.

ಕಳೆದ ಗುರುವಾರ ಆ ಐದು ಮನೆಗಳಿಗೆ ಹೋಗಿದ್ದೆ. ಈಗ ಏಳು ಮನೆ. ತೋಡಿಗೆ ಪಾಲ ಈಗಲೂ ಅಡಿಕೆ ಮರದ್ದೇ. ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗಿಗೆ ಈಗ ಇಬ್ಬರು ಮಕ್ಕಳು, ದೊಡ್ಡವಳು ನಾಲ್ಕನೇ ಕ್ಲಾಸು. ನಾನು ಹೇಳಬೇಕಾದದ್ದನ್ನು ಅವಳ ಹತ್ತಿರ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಳಗಿಂದ ಸ್ಟೀಲಿನ ಲೋಟದಲ್ಲಿ ಚಹಾ ತಂದುಕೊಟ್ಟಳು. ಮನವಿಯ ವಿಷಯ ತಿಳಿಸಿದೆ. ಪೂರ್ತಿ ಓದಿಸಿಕೊಂಡು, "ಪಾಲದ್ದು ಒಂದೇ ಅಲ್ಲ ಟೀಚರ್, ಇನ್ನೂ ಇದೆ, ನಾನೇ ಬಂದು ಹೇಳುತ್ತೇನೆ" ಎಂದಳು. ಇನ್ನೂ ಇಬ್ಬರು ಹೆಂಗಸರು ಬರುತ್ತಾರೆ.

ಅವರ ಕಡೆಯಿಂದ ಬರುವ ಮೊದಲ ಬಸ್ಸು ಪೇಟೆ ಮುಟ್ಟುವುದು ಹತ್ತೂವರೆಗೆ. ನೀವು ಸಭೆ ಹತ್ತಕ್ಕೆ ಇಟ್ಟಿದ್ದೀರಿ. ದಯವಿಟ್ಟು ಹನ್ನೊಂದಕ್ಕೆ ಶುರು ಮಾಡಿ.

ನಿಮ್ಮ ಪ್ರೀತಿಯ
ನಿವೃತ್ತ ಕನ್ನಡ ಶಿಕ್ಷಕಿ, ಕಾಸರಗೋಡು